ಹನ್ನೊಂದನೇ ಹಂತದ ಕೈ

ಗದಗಿನ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ಕ್ರೇನು ಚಾಲಕರಲ್ಲಿ ಮೌಲಾಸಾಬ ನದಾಫನ ಕೈ ಎಂಥದ್ದೆಂದರೆ, ಕೊಕ್ಕೆಗೆ ಇಪ್ಪತ್ತು ಆನೆ ತೂಕದ ರೆಕ್ಕೆ ಕಟ್ಟಿಕೊಟ್ಟು, ಅದರ ತುದಿಯಿಂದ ಮಲಗಿದ ಕೂಸಿನ ಕಣ್ಣ ಪಿಸುರು ತೆಗೆ ಎಂದರೆ ತೆಗೆದುಕೊಡುತ್ತಿದ್ದ. ಕೂಸು ಮಗ್ಗುಲು ಸಹ ಬದಲಿಸುತ್ತಿರಲಿಲ್ಲ. ಅವನು ಕುರ್ಚಿಯಲ್ಲಿ ಕೂತ ದಿನ ಬೀಸುವ ಗಾಳಿಯೇ ಕೈಕಟ್ಟಿ ನಿಂತು ನೋಡುತ್ತಿತ್ತು. ಒಮ್ಮೆ ದಾರಿಗೆ ಅಡ್ಡ ಬಂದ ಮೋಡವೊಂದನ್ನು ರೆಕ್ಕೆಯ ತುದಿಯಿಂದ ಮುಂಡರಗಿಯ ಕಡೆಗೆ ನೂಕಿದ. ಆ ವರ್ಷ ಮುಂಡರಗಿಯವರು ಒಂದು ಬೆಳೆ ಹೆಚ್ಚಿಗೆ ತೆಗೆದರು. ನಂಬದವರು ಹೋಗಿ ಕೇಳಿಕೊಂಡು ಬರಬಹುದು, ಬಸ್ಸಿದೆ.

ಇಂಥ ಕೈಗೆ ಮೂರು ವರ್ಷವಾಗುತ್ತ ಬಂದರೂ ಕೆಲಸವಿರಲಿಲ್ಲ.

ಕಾರಣ, ಪಳಗುಪೆಟ್ಟಿಗೆ. ಮನುಷ್ಯ ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ, ಆ ಕೆಲಸದ ಸುದ್ದಿ ಹೊತ್ತೊಯ್ಯುವ ನರಗಳ ಸುತ್ತ ಒಂದು ಬಿಳಿ ಪೊರೆ ಪದರ ಪದರವಾಗಿ ಬೆಳೆಯುತ್ತದೆ, ವಿದ್ಯುತ್ ತಂತಿಗೆ ರಬ್ಬರು ಸುತ್ತಿದ ಹಾಗೆ. ಪೊರೆ ದಪ್ಪವಾದಷ್ಟೂ ಸುದ್ದಿ ಬೇಗ ಓಡುತ್ತದೆ, ಕೈ ತಡವರಿಸುವುದಿಲ್ಲ. ಈ ಪೊರೆಯ ದಪ್ಪವನ್ನು ಹೊರಗಿನಿಂದಲೇ ಅಳೆಯುವ ಪೆಟ್ಟಿಗೆಯೊಂದನ್ನು ಯಾರೋ ಪುಣ್ಯಾತ್ಮರು ಕಂಡುಹಿಡಿದರು. ಅದರ ಎರಡು ತೂತಿನಲ್ಲಿ ಮೊಣಕೈತನಕ ಕೈ ತೂರಿಸಿದರೆ ಪೆಟ್ಟಿಗೆ ಜೇನುಹುಳದ ಹಾಗೆ ಗುಂಯ್‌ಗುಟ್ಟಿ, ಸೊನ್ನೆಯಿಂದ ಹನ್ನೆರಡರೊಳಗೆ ಒಂದು ಅಂಕಿ ತೋರಿಸುತ್ತಿತ್ತು.

ಅಲ್ಲಿಂದ ಮುಂದೆ ಯಾರೂ ಯಾರನ್ನೂ ನಿನಗೆ ಏನು ಬರುತ್ತದೆ ಎಂದು ಕೇಳಲಿಲ್ಲ. ಗೋಡೆ, ಕಂಬ, ಬಸ್ಸು, ಎಮ್ಮೆಯ ಬೆನ್ನು, ಎಲ್ಲಿ ನೋಡಿದರೂ ಜಾಹೀರಾತು: ಚಹಾ ಸೋಸುವವರು ಬೇಕು, ಹಂತ ಐದು. ಹೆಣ ಹೊರುವವರು ಬೇಕು, ಹಂತ ಮೂರು, ಮುಂದಿನ ಜೋಡಿಗೆ ಹಂತ ನಾಲ್ಕು. ಕನ್ಯೆ ಬೇಕಾಗಿದೆ, ರೊಟ್ಟಿ ಬಡಿಯುವ ಕೈ ಹಂತ ಆರು. ಸೊನ್ನೆಯ ಹುಡುಗರನ್ನು ಯಾರೂ ಕೆಲಸಕ್ಕೆ ಕರೆಯದ್ದರಿಂದ ಅವರು ಸೊನ್ನೆಯಲ್ಲೇ ಮೀಸೆ ಬೆಳೆಸಿ, ಸೊನ್ನೆಯಲ್ಲೇ ನರೆತರು. ಹಂತಕ್ಕೆ ತಕ್ಕ ಪಗಾರ ಕೊಡಲೇಬೇಕೆಂಬ ಕಾಯ್ದೆ ಬಂದದ್ದರಿಂದ, ನಾಲ್ಕರ ಕೆಲಸಕ್ಕೆ ಒಂಬತ್ತರ ಕೈಯನ್ನು ಯಾವ ಮಾಲೀಕನೂ ಮುಟ್ಟುತ್ತಿರಲಿಲ್ಲ. ಕಡಿಮೆಯಾದವನನ್ನು ಬೈದು ಕಳಿಸುತ್ತಿದ್ದರು, ಹೆಚ್ಚಾದವನನ್ನು ಕೈಮುಗಿದು ಕಳಿಸುತ್ತಿದ್ದರು. ಎರಡೂ ಬಾಗಿಲು ತೆರೆಯುತ್ತಿದ್ದದ್ದು ಒಂದೇ ಬೀದಿಗೆ.

ಮೌಲಾಸಾಬನದು ಒಂಬತ್ತು. ಹೊಸ ಕ್ರೇನುಗಳಿಗೆ ತೂಗಾಟ ತಡೆಯುವ ಸಾಧನ ಬಂದಮೇಲೆ ಗಾಳಿಯಂತ್ರದ ಕಂಪನಿಗಳೆಲ್ಲ ಕೇಳುತ್ತಿದ್ದದ್ದು ನಾಲ್ಕು. ಮೂರಲ್ಲ, ಐದಲ್ಲ, ನಾಲ್ಕು. ಜೊತೆಗೆ ಇನ್ನೊಂದು ನಿಯಮವಿತ್ತು. ಮೂರು ವರ್ಷ ಕೆಲಸವಿಲ್ಲದೆ ಕೂತವನ ಹೆಸರಿನ ಮುಂದೆ 'ತುಕ್ಕು' ಎಂದು ಬರೆದುಬಿಡುತ್ತಿದ್ದರು. ಆಮೇಲೆ ಯಾವ ಪೆಟ್ಟಿಗೆಯೂ ಅವನ ಕೈ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮೌಲಾಸಾಬನಿಗೆ ತುಕ್ಕು ಬೀಳಲು ಇನ್ನು ನಾಲ್ಕು ತಿಂಗಳಿತ್ತು.

ಅವನ ಹೆಂಡತಿ ಹುಸೇನಬಿ ಗಾದಿ ಹೊಲಿಯುವವಳು. ಅವಳದು ಏಳು, ಬೆಟಗೇರಿಯ ಅಂಗಡಿಗಳಿಗೆ ಬೇಕಾಗಿದ್ದದ್ದು ಎರಡು. ಹೀಗೆ ಗಂಡ ಹೆಂಡತಿ ಸೇರಿ ಹದಿನಾರು ಹಂತದ ಜಾಣ್ಮೆಯನ್ನು ಒಂದೇ ಕೋಣೆಯಲ್ಲಿ ಇಟ್ಟುಕೊಂಡು, ನೀರಿಗೆ ಜೋಳದ ಹಿಟ್ಟು ಕದಡಿ ಕುಡಿಯುತ್ತಿದ್ದರು. ಆ ಅಂಬಲಿ ಎಷ್ಟು ತೆಳ್ಳಗಿತ್ತೆಂದರೆ, ಬಟ್ಟಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

ಒಂದು ದಿನ ಮೌಲಾಸಾಬ ಎದ್ದವನೇ ಹಂತಮಾಪನ ಕೇಂದ್ರಕ್ಕೆ ನಡೆದ. ಅಲ್ಲಿ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವಳು ಡಾಕ್ಟರ್ ಸರಯೂ ಇಂಗಳಗಿ. ಕನ್ನಡಕ ಕಳೆದುಕೊಳ್ಳುವುದರಲ್ಲಿ ಹನ್ನೆರಡನೇ ಹಂತದವಳು.

"ಮೇಡಮ್ಮಾರ, ನನ್ನ ಕೈ ಇಳಸ್ರಿ," ಎಂದ ಮೌಲಾಸಾಬ. "ಒಂಬತ್ತರಿಂದ ನಾಲ್ಕಕ್ಕ ತರ್ರಿ. ಸೂಜಿ ಚುಚ್ರಿ, ಗುಳಿಗಿ ಕೊಡ್ರಿ, ಏನರ ಮಾಡ್ರಿ."

"ಹಂತ ಏರಸ್ರಿ ಅಂತ ಮಂದಿ ಬಾಗಲಾ ಮುರದು ಬರಾಕತ್ತಾರ. ಇಳಸ್ರಿ ಅಂತ ಬಂದವರು ನೀವೊಬ್ಬರ ನೋಡ್ರಿ."

"ಹಂಗಾದ್ರ ನನ್ನವು ಐದು ತಗದು ಅವರಿಗೆ ಹಂಚಿಬಿಡ್ರಿ. ಪುಣ್ಯ ಬರತೈತಿ."

ಸರಯೂ ನಕ್ಕಳು. ಅವನು ನಗುತ್ತಿಲ್ಲವೆಂದು ಕಂಡು ನಗು ನಿಲ್ಲಿಸಿದಳು. "ಇಳಸೋ ಔಷಧ ಇಲ್ರೀ. ಕೈ ಸುಮ್ನ ಇಟ್ರ ಪೊರಿ ತಾನ ಕರಗತೈತಿ, ಆದ್ರ ಅದಕ್ಕ ವರ್ಷಗಟ್ಟಲೆ ಹಿಡೀತೈತಿ."

"ನನಗ ಇರೂದು ನಾಕ ತಿಂಗಳು."

"ಹಂಗಂದ್ರ..." ಅವಳು ಮೇಜಿನ ಕೆಳಗೆ ಕನ್ನಡಕ ಹುಡುಕುತ್ತ ಅಲ್ಲಿಂದಲೇ ಅಂದಳು, "ಸರಿ ಮಾಡೂದು ಬಿಟ್ಟು ತಪ್ಪು ಮಾಡ್ರಿ. ಹಳೇ ದಾರಿ ಕೆಟ್ಟು ಹೋಗತೈತಿ. ಪುಸ್ತಕದಾಗ ಹಂಗ ಬರದೈತ್ರಿ."

ಬೇಸರಕ್ಕೆ ಆಡಿದ ಮಾತು. ಮೌಲಾಸಾಬ ಅದನ್ನೇ ಮದ್ದೆಂದು ಕಣ್ಣಿಗೊತ್ತಿಕೊಂಡು ಮನೆಗೆ ಬಂದ.

ಒಂದು ಹಂಡೆಗೆ ಒದ್ದೆ ಮರಳು ತುಂಬಿ ಅದರಲ್ಲಿ ಎರಡು ಲಟ್ಟಣಿಗೆ ನೆಟ್ಟ. ಅವು ಕ್ರೇನಿನ ಹಿಡಿಕೆಗಳು. ಲಟ್ಟಣಿಗೆಗೆ ಕಟ್ಟಿದ ಹಗ್ಗವನ್ನು ತೊಲೆಯ ರಾಟೆಯ ಮೇಲೆ ಹಾಯಿಸಿ, ಕೆಳಗೆ ನೀರು ತುಂಬಿದ ಬಕೀಟು ತೂಗುಹಾಕಿದ. ಬಕೀಟನ್ನು ಒಂದು ಮೂಲೆಯಿಂದ ಎತ್ತಿ ಇನ್ನೊಂದು ಮೂಲೆಯ ಮಣೆಯ ಮೇಲೆ ಇಡಬೇಕು, ತಪ್ಪಾಗಿ. ಆದರೆ ಒಂಬತ್ತರ ಕೈಗೆ ತಪ್ಪು ಎಲ್ಲಿಂದ ಬರಬೇಕು? ಮೌಲಾಸಾಬ ಕಣ್ಣು ಕಟ್ಟಿಕೊಂಡು ಎತ್ತಿದ, ನೀರಿನ ಮೇಲೆ ಸುಕ್ಕು ಕೂಡ ಬೀಳಲಿಲ್ಲ. ಅಳುತ್ತ ಎತ್ತಿದ, ಬಕೀಟು ಮಣೆಯ ಮೇಲೆ ಹೂವಿನ ಹಾಗೆ ಕೂತಿತು.

"ಏ ಹುಸೇನಾ, ನೀ ಒಮ್ಮೆ ಎತ್ತ ನೋಡೂಣು."

ಹುಸೇನಬಿ ಸೂಜಿ ಕೆಳಗಿಟ್ಟು ಬಂದು ಕೂತಳು. ಎತ್ತುವ ಮೊದಲೇ ಎಳೆದಳು, ಬಿಡುವ ಹೊತ್ತು ದಾಟಿದ ಮೇಲೆ ಬಿಟ್ಟಳು, ನಿಲ್ಲಿಸುವಾಗ ಗಾಬರಿಯಿಂದ ಎಡಕ್ಕೆ ಜಗ್ಗಿದಳು. ಬಕೀಟು ಗೋಡೆಗೆ ಬಡಿದು ಇಬ್ಬರಿಗೂ ಸ್ನಾನವಾಯಿತು.

"ವಾಹ್!" ಮೌಲಾಸಾಬ ಎದ್ದು ನಿಂತ. "ಇನ್ನೊಮ್ಮೆ ಮಾಡ!"

"ಹೊಗಳಾಕತ್ತೀರೋ ಬಯ್ಯಾಕತ್ತೀರೋ ಅದರ ಹೇಳ್ರಿ."

"ಇಂಥಾ ಹೊಲಸ ಕೈ ನಾ ಹುಟ್ಟಿದಾಗಿಂದ ನೋಡಿಲ್ಲ. ಕಲಸ ನನಗ."

ಕ್ರೇನು ಮಂದಿಯಲ್ಲಿ ಒಂದು ರೂಢಿ ಇದೆ. ಯಾವುದಾದರೂ ಎತ್ತುವಿಕೆ ಸೊಟ್ಟಗಾದ ದಿನ, ಊಟವಾದ ಮೇಲೆ ಚಾಲಕ ಮತ್ತೆ ಕುರ್ಚಿಗೆ ಹೋಗಿ, ಬರೀ ಖಾಲಿ ಕೊಕ್ಕೆಯಲ್ಲಿ ಅದೇ ದಾರಿಯನ್ನು ಕೈಗೆ ಕೂಡುವವರೆಗೆ ಓಡಿಸುತ್ತಾನೆ. ಖಾಲಿ ಕೊಕ್ಕೆ ಓಡಿಸದೆ ಮನೆಗೆ ಹೋದವನಿಗೆ ಗುಂಪಿನಲ್ಲಿ ಯಾರೂ ತಂಬಾಕು ಕೊಡುವುದಿಲ್ಲ. ಮೌಲಾಸಾಬನಿಗೆ ಕಲಿಯುವ ದಾರಿ ಅಂತ ಗೊತ್ತಿದ್ದದ್ದು ಅದೊಂದೇ. ಹೆಂಡತಿಯ ತಪ್ಪನ್ನು ಅವನು ಅದೇ ದಾರಿಯಲ್ಲಿ ಕಲಿತ. ದಿನಾ ಸ್ನಾನ ಮಾಡಿ, ಮಡಿಸಿಟ್ಟ ಅಂಗಿ ತೊಟ್ಟು, ಬಿಸ್ಮಿಲ್ಲಾ ಅಂದು ಲಟ್ಟಣಿಗೆ ಹಿಡಿಯುತ್ತಿದ್ದ.

"ಬಿಸ್ಮಿಲ್ಲಾ ಅಂದು ಯಾರರ ತಪ್ಪು ಶುರು ಮಾಡ್ತಾರೇನ್ರಿ?" ಎಂದಳು ಹುಸೇನಬಿ.

"ಕೆಲಸ ಅಂದಮ್ಯಾಲೆ ಕೆಲಸ ಹುಸೇನಾ."

ಆ ಮನೆಯಿಂದ ಹರಿದ ನೀರಿಗೆ ಓಣಿಯಲ್ಲಿ ಕಪ್ಪೆ ಬಂದವು, ಕಪ್ಪೆಗೆ ಕೊಕ್ಕರೆ ಬಂದವು, ಕೊಕ್ಕರೆ ನೋಡಲು ಶಾಲೆಯ ಮಕ್ಕಳು ಬಂದರು. ಪಕ್ಕದ ಮನೆಯವರು ಎರಡು ಸಲ ದೋಣಿಗೆ ಬೆಲೆ ಕೇಳಿದರು. ಮೌಲಾಸಾಬನಿಗೆ ಅದಾವುದೂ ಕಾಣಲಿಲ್ಲ. ಮೊದಲೇ ಎಳೆ, ತಡಮಾಡಿ ಬಿಡು, ಎಡಕ್ಕೆ ಜಗ್ಗು. ಮೊದಮೊದಲು ತಪ್ಪುಗಳು ಅಡ್ಡಾದಿಡ್ಡಿಯಾಗಿ ಬಂದವು. ಅವನು ಅವುಗಳನ್ನೂ ತಿದ್ದಿದ. ಕೊನೆಕೊನೆಗೆ ಎಷ್ಟು ಚೊಕ್ಕಟವಾಗಿ ತಪ್ಪುತ್ತಿದ್ದನೆಂದರೆ, ಚೆಲ್ಲಿದ ನೀರು ಪ್ರತಿಸಲವೂ ನೆಲದ ಒಂದೇ ಚುಕ್ಕಿಯ ಮೇಲೆ ಬಿದ್ದು, ಶಹಾಬಾದ ಕಲ್ಲಿನಲ್ಲಿ ಕುಳಿ ಬಿತ್ತು.

ಆ ಕುಳಿಯನ್ನು ನೋಡಿಯಾದರೂ ಅವನಿಗೆ ಹೊಳೆಯಬೇಕಿತ್ತು. ಹೊಟ್ಟೆ ಖಾಲಿಯಿದ್ದವನಿಗೆ ನೆಲ ನೋಡುವ ವ್ಯವಧಾನ ಎಲ್ಲಿಂದ ಬರಬೇಕು?

ತುಕ್ಕು ಬೀಳುವ ಹದಿನೈದು ದಿನ ಮುಂಚೆ ಅವನು ಪೆಟ್ಟಿಗೆಯಲ್ಲಿ ಕೈ ತೂರಿಸಿದ. ಪೆಟ್ಟಿಗೆ ಎಂದಿನ ಹಾಗೆ ಗುಂಯ್‌ಗುಟ್ಟಲಿಲ್ಲ, ದರ್ಗಾದ ನಗಾರಿಯ ಹಾಗೆ ಮೊಳಗಿತು. ಅಂಕಿ ನಾಲ್ಕನ್ನು ದಾಟಿತು, ಒಂಬತ್ತನ್ನು ದಾಟಿತು, ಹನ್ನೊಂದರಲ್ಲಿ ನಿಂತಿತು. ಸಾಲಿನಲ್ಲಿ ನಿಂತಿದ್ದವರು ಚಪ್ಪಲಿ ಬಿಟ್ಟರು. ಹನ್ನೊಂದನ್ನು ಇಡೀ ದೇಶದಲ್ಲಿ ಯಾರೂ ಕಂಡಿರಲಿಲ್ಲ.

"ಹನ್ನೊಂದು?" ಮೌಲಾಸಾಬ ಪೆಟ್ಟಿಗೆಯಿಂದ ಕೈ ಎಳೆದುಕೊಂಡ. "ಯಾವುದರಾಗ್ರೀ ಮೇಡಮ್ಮಾರ?"

ಅವನು ಮನೆಯಲ್ಲಿ ಏನೇನು ಮಾಡಿದನೆಂಬುದನ್ನು ಸರಯೂ ಪೂರ್ತಿ ಕೇಳಿಸಿಕೊಂಡಳು. "ನರಕ್ಕ ಸರಿ ಯಾವುದು ತಪ್ಪು ಯಾವುದು ಗೊತ್ತಿಲ್ರಿ. ಮತ್ತ ಮತ್ತ ಮಾಡಿದ್ದು ಅಷ್ಟ ಅದಕ್ಕ ಗೊತ್ತು. ನೀವು ಅಡ್ಡಾದಿಡ್ಡಿ ತಪ್ಪಿದ್ರ ಇಳೀತಿತ್ತು. ಶಿಸ್ತಿಲೆ ತಪ್ಪೀರಿ."

"ಪೆಟಗಿಗೆ ಹೇಳ್ರಿ ಅದನ್ನ."

"ಪೆಟಗಿ ದಪ್ಪ ಅಳೀತೈತಿ. ಏನು ಕಲತೀರಿ ಅಂತ ಕೇಳಂಗಿಲ್ಲ. ನಾನೂ ಕೇಳಬೇಕಾಗಿತ್ತು, ಕೇಳಲಿಲ್ಲ." ಅವಳು ಅವನ ಮುಖ ನೋಡಲಿಲ್ಲ. "ಪೆಟಗಿ ಅಳದ ಕೈಯ ನರದ ನಕಲೂ ತಗೀತೈತಿ. ನಿಮ್ಮ ಕೈ ನಕಲು ಕಂಪನಿಗೊಳಿಗೆ ಆಗಲೇ ಹೋಗಿರತೈತಿ. ತಡ್ಯಾಕ ನನ್ನ ಕೈಯಾಗ ಇಲ್ಲ."

ಮನೆಗೆ ಬಂದಾಗ ಹುಸೇನಬಿ ಬಾಗಿಲಲ್ಲೇ ಇದ್ದಳು. "ನಾಕು ಬಂತೇನ್ರಿ?" ಅವನು ಎರಡೂ ಕೈ ಎತ್ತಿ ಬೆರಳು ತೋರಿಸಿದ, ಹನ್ನೊಂದಕ್ಕೆ ಒಂದು ಬೆರಳು ಕಡಿಮೆ ಬಿತ್ತು. ಅವಳು ಅರ್ಥವಾಗದೆ ನಕ್ಕಳು. ಅರ್ಥವಾದ ಮೇಲೆ ಒಲೆಯ ಮುಂದೆ ಹೋಗಿ ಕೂತಳು. ಒಲೆಯಲ್ಲಿ ಬೆಂಕಿ ಇರಲಿಲ್ಲ.

ಮೂರನೇ ದಿನ ಓಣಿಗೆ ಹಿಡಿಸದಷ್ಟು ಅಗಲದ ಕಾರೊಂದು ಬಂತು. ಅದರಿಂದ ಇಳಿದವನು ಒಂದು ಗಾಳಿಯಂತ್ರ ಕಂಪನಿಯ ಮುಖ್ಯ ಇಂಜಿನಿಯರ್, ಅಭಿನಂದನ ಉಪಾಧ್ಯೆ. ಅವರು ನಿಲ್ಲಿಸುತ್ತಿದ್ದ ಯಂತ್ರದ ರೆಕ್ಕೆ ಎಷ್ಟು ಉದ್ದವೆಂದರೆ, ಬುಡದಲ್ಲಿ ಬೆಳಗಾದಾಗ ತುದಿಯಲ್ಲಿ ಇನ್ನೂ ಕೋಳಿ ಕೂಗಿರುತ್ತಿರಲಿಲ್ಲ. ಅಂಥದ್ದನ್ನು ನಾಲ್ಕರ ಕೈಗೆ ಕೊಟ್ಟರೆ ವಿಮೆ ಕೊಡುವುದಿಲ್ಲವೆಂದು ವಿಮೆಯವರು ಪಟ್ಟು ಹಿಡಿದಿದ್ದರು. ಅವರಿಗೆ ಹನ್ನೊಂದು ಬೇಕಿತ್ತು.

"ದೇಶದಾಗ ಹನ್ನೊಂದರ ಕೈ ಒಂದ ಐತಿ ನದಾಫರ. ನಾಳೆ ಮುಂಜಾನೆ ಬರ್ರಿ. ಕುರ್ಚಿ ನಿಮ್ಮ ದಾರಿ ನೋಡಾಕತ್ತೈತಿ."

ಮಾತು ಮುಗಿಯುವ ಮೊದಲೇ ಮೌಲಾಸಾಬ ಹೂಂ ಅಂದಿದ್ದ. ಮೂರು ವರ್ಷದಲ್ಲಿ ಅವನನ್ನು ಯಾರೂ ಬಾ ಅಂದಿರಲಿಲ್ಲ. ಕಾರು ಹಿಮ್ಮುಖವಾಗಿ ಓಣಿ ದಾಟುವವರೆಗೂ ಅವನು ಕೈ ಬೀಸುತ್ತಲೇ ಇದ್ದ.

ಹುಸೇನಬಿ ಬಕೀಟಿಗೆ ನೀರು ತುಂಬಿ ತಂದಳು. "ಒಮ್ಮೆ ಸರಿಯಾಗಿ ಎತ್ತಿ ತೋರಸ್ರಿ."

"ಅದೇನು ದೊಡ್ಡ ಮಾತಾ?"

ಅವನು ಕೂತ. ಮನಸ್ಸು ಮೆಲ್ಲಗೆ ಎತ್ತು ಅಂದಿತು. ಕೈ ಮೊದಲೇ ಎಳೆಯಿತು. ಮನಸ್ಸು ಬಿಡು ಅಂದಿತು, ಕೈ ತಡಮಾಡಿತು. ನಿಲ್ಲಿಸು ಅಂದಾಗ ಎಡಕ್ಕೆ ಜಗ್ಗಿತು. ನೀರು ಕಲ್ಲಿನ ಕುಳಿಯೊಳಗೇ ಬಿತ್ತು. ಅವನು ಮತ್ತೆ ತುಂಬಿದ, ಮತ್ತೆ ಎತ್ತಿದ. ಹೊತ್ತು ಮುಳುಗುವವರೆಗೆ ಎತ್ತಿದ. ಒಂದು ಕಾಲಕ್ಕೆ ಕೂಸಿನ ಕಣ್ಣ ಪಿಸುರು ತೆಗೆದ ಕೈ ಈಗ ಒಂದು ಬಕೀಟು ನೀರನ್ನು ಮಣೆಗೆ ಮುಟ್ಟಿಸಲಿಲ್ಲ.

"ಹೋಗಬ್ಯಾಡ್ರಿ," ಎಂದಳು ಹುಸೇನಬಿ.

"ಹೋಗಲಿಲ್ಲಂದ್ರ ತುಕ್ಕು ಬೀಳತೈತಿ."

"ಬೀಳಲಿ. ರೆಕ್ಕಿ ಹಿಡ್ಯಾಕ ಕಂಬದ ಮ್ಯಾಲೆ ಮಂದಿ ನಿಂತಿರ್ತಾರ. ಅವರ ಹೆಂಡ್ರು ನನ್ನಂಗ ಮನ್ಯಾಗ ಕುಂತಿರ್ತಾರ."

"ನನಗ ಗೊತ್ತಿಲ್ಲೇನ ಅದು?" ಅವನು ಲಟ್ಟಣಿಗೆ ಕಿತ್ತು ಗೋಡೆಗೆ ಎಸೆದ. ಅದೂ ಎಡಕ್ಕೇ ಹೋಯಿತು. "ನನಗ ಆ ಕುರ್ಚಿ ಬೇಕು ಹುಸೇನಾ. ಒಂದ ದಿನ ಆದ್ರೂ ಬೇಕು."

ಅವಳು ಹೋಗಿ ಅವನ ಅಂಗಿ ಮಡಿಸಿಟ್ಟಳು. ಅದು ಅವಳೇ ಕಲಿಸಿದ ತಪ್ಪು ಎಂಬುದನ್ನು ಅವಳೂ ಅನ್ನಲಿಲ್ಲ, ಅವನೂ ಅನ್ನಲಿಲ್ಲ.

ಮರುದಿನ ಕ್ರೇನಿನ ನಿಯಂತ್ರಣ ಕೋಣೆಯಲ್ಲಿ ಮೌಲಾಸಾಬ ಕುರ್ಚಿಯ ಮೇಲೆ ಕೂತ. ಗಾಜಿನಾಚೆ ಆಕಾಶಕ್ಕೆ ಚುಚ್ಚಿದ ಕಂಬ. ಅದರ ನೆತ್ತಿಯ ಮೇಲೆ ಮೂರು ಇರುವೆಗಳ ಹಾಗೆ ಮೂರು ಜನ. ಕೆಳಗೆ ಕೊಕ್ಕೆಯ ಪಕ್ಕ ಮಲಗಿದ ರೆಕ್ಕೆ. ಕುರ್ಚಿ ಅವನ ಬೆನ್ನಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂಡಿಕೊಂಡಿತು. ಕಣ್ಣು ತುಂಬಿ ಬಂದವು. ಆಮೇಲೆ ಅವನು ಉಪಾಧ್ಯೆಯ ಕಡೆ ತಿರುಗಿ, ನಡೆದದ್ದನ್ನೆಲ್ಲ ಬಿಡದೆ ಹೇಳಿದ.

ಉಪಾಧ್ಯೆ ಹೊಟ್ಟೆ ಹಿಡಿದುಕೊಂಡು ನಕ್ಕ. "ದೊಡ್ಡ ಕೈ ಇದ್ದವರು ಹಿಂಗ ಸಂಕೋಚ ಮಾಡ್ತಾರ ಅಂತ ಕೇಳಿದ್ದೆ."

"ಖಾಲಿ ಕೊಕ್ಕಿ ಓಡಸ್ತೀನಿ, ನೋಡ್ರಿ ನೀವ."

ಓಡಿಸಿದ. ಕೊಕ್ಕೆ ಮೊದಲೇ ಜಿಗಿಯಿತು, ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ, ಎಡಕ್ಕೆ ಜಗ್ಗಿ ಸೀದಾ ಉಪಾಧ್ಯೆಯ ಅಗಲದ ಕಾರಿನ ಮೇಲೆ ಕೂತಿತು. ಕಾರು ಓಣಿಗೆ ಹಿಡಿಸುವಷ್ಟಾಯಿತು.

ಉಪಾಧ್ಯೆ ಸಹಾಯಕರ ಮೇಲೆ ಹರಿಹಾಯ್ದ. "ಕ್ರೇನ್ ಯಾರಲೇ ಹೊಂದಿಸಿದ್ದು? ಹನ್ನೊಂದರ ಕೈ ತಪ್ಪತೈತೇನು? ಬಿಚ್ಚಿ ಮತ್ತ ಹೊಂದಸ್ರಿ!"

ಮೌಲಾಸಾಬ ರೇಡಿಯೋ ಹಿಡಿದ. ಕಂಬದ ಮೇಲಿನವರಲ್ಲಿ ಅವನ ಹಳೆಯ ಗುಂಪಿನ ಫಕ್ಕೀರಪ್ಪ ಜಂತ್ಲಿ ಇದ್ದ.

"ಫಕ್ಕೀರ, ಕೆಳಗಿಳಿ. ನನ್ನ ಕೈ ಕೆಟ್ಟೈತಿ."

"ಯಾರು, ಮೌಲಾನೇನಲೇ?" ಗಾಳಿಯೊಳಗಿಂದ ನಗು ಕೇಳಿತು. "ಹನ್ನೊಂದಕ್ಕ ಏರಿ ಕುಂತಾಂವ ಹಿಂಗ ಮಾತಾಡ್ತಾನ! ಮೂರು ವರ್ಷ ಆ ನಾಲ್ಕರ ಹುಡುಗೂರ ಕೈ ಕೆಳಗ ಜೀವ ಬಿಗಿ ಹಿಡಕೊಂಡು ನಿಂತೀವೋ. ಇವತ್ತ ಮೊದಲ ಸಲ ನಿವಾಂತ ಅನಸಾಕತ್ತೈತಿ. ಎತ್ತಲೇ, ಎತ್ತ!"

ಮೌಲಾಸಾಬ ರೇಡಿಯೋ ಕೆಳಗಿಟ್ಟ. ಹಿಡಿಕೆಗಳಿಂದ ಕೈ ತೆಗೆದ. ಅವು ತಡಮಾಡಿಯೇ ಬಿಟ್ಟವು. "ನಾ ಎತ್ತಂಗಿಲ್ಲ," ಎಂದು ಎದ್ದು ನಿಂತ.

"ಹೋಗ್ರಿ ಹಂಗಾರ." ಉಪಾಧ್ಯೆಯ ನಗು ಆರಿತ್ತು. "ನೀವು ಹೋದ್ರ ಏನಾತು? ಪೆಟಗಿ ತಗದ ನಿಮ್ಮ ಕೈ ನಕಲು ಈ ಯಂತ್ರದಾಗ ಐತಿ. ಕಾಯ್ದೆಕ್ಕ ಮನುಷ್ಯಾರ ಕೈ ಬೇಕು; ನಕಲೂ ಮನುಷ್ಯಾನ ಕೈ ಅಂತ ಕೋರ್ಟು ಒಪ್ಪೈತಿ. ನಿಮ್ಮ ಕೈ ಎತ್ತತೈತಿ, ನೀವು ಮನ್ಯಾಗ ಕುಂದರ್ರಿ. ಒಂದ ಮಾತು, ಭಾರ ಏರೋ ದಾರ್ಯಾಗ, ಕೆಳಗಾಗ್ಲಿ ಮ್ಯಾಲಾಗ್ಲಿ, ಹಾಯ್ದು ಹೋಗಬ್ಯಾಡ್ರಿ. ವಿಮಾ ಇರೂದು ನಿಮ್ಮ ಮ್ಯಾಲೆ. ನೀವು ಆ ದಾರ್ಯಾಗ ಸಿಕ್ರ ಕ್ರೇನ್ ತಾನ ಬಿಗದು ನಿಂತಬಿಡತೈತಿ."

ಮೌಲಾಸಾಬ ಬಾಗಿಲು ದಾಟಿದ. ಮನೆಯ ದಾರಿ ಬಲಕ್ಕಿತ್ತು. ಅವನು ಕಂಬದ ಕಡೆಗೆ ನಡೆದ, ನಡಿಗೆ ಓಟವಾಯಿತು, ಓಟ ಏಣಿಗೆ ಮುಟ್ಟಿತು.

ಆ ಏಣಿ ಎಷ್ಟು ಎತ್ತರವೆಂದರೆ, ಹತ್ತುವವನು ಕೆಳಗಿನ ಮೆಟ್ಟಿಲಲ್ಲಿ ಬೇಸಿಗೆ ಬಿಟ್ಟು ಮೇಲಿನ ಮೆಟ್ಟಿಲಲ್ಲಿ ಚಳಿಗಾಲ ಹಿಡಿಯಬೇಕು. ಕೈಗಳು ಸಿಗುವ ಮೊದಲೇ ಎಳೆಯುತ್ತಿದ್ದವು, ಬಿಡಬೇಕಾದಾಗ ಬಿಡುತ್ತಿರಲಿಲ್ಲ. ಬಿಡದ ಕೈ ಏಣಿಗೆ ಒಳ್ಳೆಯದೇ. ಕೆಳಗೆ ಧ್ವನಿವರ್ಧಕದಲ್ಲಿ ಉಪಾಧ್ಯೆ ಕೂಗುತ್ತಿದ್ದ, ಮೊದಲು ಗದರಿಸಿ, ಆಮೇಲೆ ಬೇಡಿಕೊಂಡು, ಕೊನೆಗೆ ತುಕ್ಕು ಬರೆಸುತ್ತೇನೆಂದು. ಅಷ್ಟರಲ್ಲಿ ನಕಲು ಕೈ ರೆಕ್ಕೆಯನ್ನು ನೆಲದಿಂದ ಎತ್ತತೊಡಗಿತ್ತು, ಹುಸೇನಬಿ ಕಲಿಸಿದ ಹಾಗೆಯೇ, ಮೊದಲೇ ಎಳೆದು. ಮೌಲಾಸಾಬ ರೆಕ್ಕೆ ಏರುವ ದಾರಿಯೊಳಗೆ ಬಂದ ಕ್ಷಣ ಕ್ರೇನು ಗಕ್ಕನೆ ಬಿಗಿದುಕೊಂಡಿತು. ರೆಕ್ಕೆ ನೆಲದಿಂದ ಆಳೆತ್ತರದಲ್ಲಿ ತೂಗುತ್ತ ನಿಂತಿತು.

ನೆತ್ತಿಯ ಮೇಲೆ ಫಕ್ಕೀರಪ್ಪ ಬಗ್ಗಿ ಕೈ ಚಾಚಿದ.

"ಕೈ ಬ್ಯಾಡ," ಎಂದ ಮೌಲಾಸಾಬ ಏದುಸಿರಿನಲ್ಲಿ. "ರಟ್ಟಿ ಹಿಡದ ಜಗ್ಗ."

ರಟ್ಟೆ ಹಿಡಿದು ಎಳೆದುಕೊಂಡರು. ಫಕ್ಕೀರಪ್ಪ ಕೆಳಗೆ ತೂಗುವ ರೆಕ್ಕೆಯನ್ನು ನೋಡಿದ. ಅದು ಇನ್ನೂ ಎಡಕ್ಕೇ ಜಗ್ಗುತ್ತಿತ್ತು. ಅವನ ಮುಖದ ನಗು ಒಂದೊಂದೇ ಗೆರೆಯಾಗಿ ಅಳಿಸಿಹೋಯಿತು.

"ಖರೇನ ಹೇಳಿದ್ದೇನೋ ನೀ?"

"ಇಳೀರಿ ಮೂವರೂ."

"ಮತ್ತ ನೀ?"

"ನಾ ಇಲ್ಲಿರೂತನಕ ಕ್ರೇನ್ ಅಲ್ಲಾಡಂಗಿಲ್ಲ. ನಾ ಇಳದ್ರ ಬ್ಯಾರೆ ಮೂವರನ್ನ ಏರಸ್ತಾರ."

ಉಳಿದಿಬ್ಬರು ಆಗಲೇ ಏಣಿಗೆ ಕಾಲಿಟ್ಟಿದ್ದರು. ಫಕ್ಕೀರಪ್ಪ ಸೊಂಟದ ಗಂಟಿನಿಂದ ರೊಟ್ಟಿ ಬಿಚ್ಚಿ ಅವನ ಮಡಿಲಲ್ಲಿಟ್ಟ, ತನ್ನ ಸುರಕ್ಷೆಯ ಹಗ್ಗ ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿದ. ಗಂಟನ್ನು ಎರಡು ಸಲ ಜಗ್ಗಿ ನೋಡಿದ.

"ಎಷ್ಟು ದಿವಸ ಕುಂದರತೀಯೋ ಮೌಲಾ ಇಲ್ಲಿ?"

ಮೌಲಾಸಾಬ ಕೆಲಸ ಮಾಡದ ಕೈಗಳೆರಡನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡ. ಗಾಳಿ ಅಂಗಿಯನ್ನು ಪಟಪಟ ಬಡಿಯುತ್ತಿತ್ತು.

"ಮೂರು ವರ್ಷದ ಮ್ಯಾಲೆ ಕೆಲಸ ಸಿಕ್ಕೈತೋ," ಎಂದ. "ಬಿಡ್ತೀನೇನು?"